ಒಂದು ಹಗ್ಗ, ಒಂದು ಚಾಕು, ಮೂರು ಬೀಗ: ಆಫ್ರಿಕಾದ ಹಳ್ಳಿಗಳಿಂದ ನಾವು ಕಲಿತ ಪಾಠ



ಮೊದಲು ಒಂದು ಸೋತ ಪ್ರಾಜೆಕ್ಟ್ ಕಥೆ ಹೇಳಿಬಿಡ್ತೀವಿ. ಕಳೆದ ವರ್ಷ ನಾವು ನಾಲ್ಕು ಜನ ಸೇರಿ ಮಣ್ಣಿನ ತೇವಾಂಶ ಅಳೆಯುವ ಒಂದು ಸೆನ್ಸರ್ ಮಾಡಿದ್ವಿ. ಕಾಲೇಜಿನ ಹಿಂದಿನ ಹಳ್ಳಿಯಲ್ಲಿ ಒಬ್ಬ ರೈತರ ಟೊಮ್ಯಾಟೊ ಹೊಲದಲ್ಲಿ ಅದನ್ನ ಹೂತು, ಫೋಟೋ ತೆಗೆದುಕೊಂಡು, ರಿಪೋರ್ಟ್ ಬರೆದು, ಮಾರ್ಕ್ಸ್ ತಗೊಂಡ್ವಿ. ಮೂರೇ ವಾರಕ್ಕೆ ಅದು ಕೆಟ್ಟಿತು. ನಮಗೆ ಇಂಟರ್ನಲ್ಸ್, ಆಮೇಲೆ ಎಕ್ಸಾಮ್, ಆಮೇಲೆ ರಜೆ. ಎರಡು ತಿಂಗಳು ಬಿಟ್ಟು ಹೋದಾಗ ಗೌಡ್ರು ಒಳಗೆ ಹೋಗಿ, ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿಟ್ಟಿದ್ದ ಸೆನ್ಸರ್ ತಂದು ಕೊಟ್ರು. "ಮಳೆಗೆ ನೆನೀಬಾರ್ದು ಅಂತ ತೆಗೆದಿಟ್ಟೆ ಕಣ್ರಪ್ಪಾ, ನಿಮ್ದು ತಗೊಂಡ್ಹೋಗಿ" ಅಂದ್ರು. ಬೈದಿದ್ರೆ ಚೆನ್ನಾಗಿತ್ತು. "ನಿಮ್ದು" ಅನ್ನೋ ಒಂದು ಮಾತು ಸಾಕಾಯ್ತು. ಅವರ ಹೊಲದಲ್ಲಿದ್ದರೂ ಅದು ಒಂದು ದಿನವೂ ಅವರದ್ದಾಗಿರಲಿಲ್ಲ.

ಈ ವರ್ಷ ಸಮಾಜ ಮತ್ತು ತಂತ್ರಜ್ಞಾನ ವಿಷಯದ ಸೆಮಿನಾರ್‌ಗೆ ನಮಗೆ ಸಿಕ್ಕ ಟಾಪಿಕ್: ಆಫ್ರಿಕಾದ ಹಳ್ಳಿಗಳಲ್ಲಿ ಬಡತನದ ವಿರುದ್ಧ ಚರ್ಚ್‌ಗಳು ನಡೆಸುವ ಕಾರ್ಯಕ್ರಮಗಳು. ನಿಜ ಹೇಳಬೇಕಂದ್ರೆ ಮೊದಲು ಬೇಜಾರಾಯ್ತು. ನಮ್ಮ ನಾಲ್ವರಲ್ಲಿ ಯಾರೂ ಚರ್ಚ್‌ಗೆ ಹೋಗುವವರಲ್ಲ, ಆಫ್ರಿಕಾ ನೋಡಿದವರೂ ಅಲ್ಲ. ಆದರೆ ಓದುತ್ತಾ ಹೋದಂತೆ ಗೊತ್ತಾಯ್ತು, ನಮ್ಮ ಸೆನ್ಸರ್ ಯಾಕೆ ಸೋತಿತು ಅನ್ನೋದಕ್ಕೆ ಉತ್ತರ ಅಲ್ಲಿ ಇತ್ತು. ಎರಡು ದೇಶ, ಮೂರು ಸಾಧನ. ಯಾವುದಕ್ಕೂ ಬ್ಯಾಟರಿ ಬೇಕಿಲ್ಲ.

1. ಹಗ್ಗ: ಜಿಂಬಾಬ್ವೆ

ಜಿಂಬಾಬ್ವೆಯ ಉತ್ತರ ಭಾಗದಲ್ಲಿ ಹಿಂಟನ್ ಎಸ್ಟೇಟ್ ಅಂತ ಒಂದು ದೊಡ್ಡ ಜಮೀನು. 1980ರ ದಶಕದಲ್ಲಿ ಅದನ್ನ ನೋಡಿಕೊಳ್ಳುತ್ತಿದ್ದವರು ಬ್ರಯಾನ್ ಓಲ್ಡ್ರೀವ್. ಉತ್ತು ಉತ್ತು ಮಣ್ಣು ಕೊಚ್ಚಿ ಹೋಗ್ತಿತ್ತು, ಇಳುವರಿ ಬೀಳ್ತಿತ್ತು, ನಷ್ಟ ಏರ್ತಿತ್ತು. ಕಾಡಿಗೆ ಹೋಗಿ ನೋಡಿದರೆ ಅಲ್ಲಿ ಯಾರೂ ಉಳೋದಿಲ್ಲ, ನೆಲದ ಮೇಲೆ ತರಗೆಲೆಯ ಹೊದಿಕೆ ಇರುತ್ತೆ, ಆದರೂ ಎಲ್ಲಾ ಹಸಿರು. 1984ರಲ್ಲಿ ಅವರು ಬರೀ 2 ಹೆಕ್ಟೇರ್‌ನಲ್ಲಿ ಉಳುಮೆ ಬಿಟ್ಟು ಬೆಳೆದು ನೋಡಿದರು. ಫಲ ಬಂತು, ವಿಸ್ತರಿಸಿದರು. ಆಮೇಲೆ ಅದನ್ನೇ ಸಣ್ಣ ರೈತರಿಗೆ, ಕೈಯಲ್ಲಿ ಗುದ್ದಲಿ ಬಿಟ್ಟು ಬೇರೇನೂ ಇಲ್ಲದವರಿಗೆ, ಚರ್ಚ್‌ಗಳ ಮೂಲಕ ಕಲಿಸೋಕೆ ಶುರು ಮಾಡಿದರು. ಈ ಕೆಲಸ ಇವತ್ತು 'ಫೌಂಡೇಶನ್ಸ್ ಫಾರ್ ಫಾರ್ಮಿಂಗ್' ಹೆಸರಲ್ಲಿ ನಡೆಯುತ್ತಿದೆ. ಅವರು ಹೇಳಿಕೊಡುವ ನಿಯಮ ನಾಲ್ಕೇ: ಸಮಯಕ್ಕೆ ಸರಿಯಾಗಿ, ಅಚ್ಚುಕಟ್ಟಾಗಿ, ಏನೂ ವ್ಯರ್ಥವಾಗದಂತೆ, ಖುಷಿಯಿಂದ. (ನಮ್ಮ ಲ್ಯಾಬ್ ರೆಕಾರ್ಡ್‌ಗೂ ಇದನ್ನ ಅಂಟಿಸಬಹುದು!)

ಈಗ ವಿಧಾನ. ಒಂದು ಉದ್ದದ ಹಗ್ಗ ತಗೊಳ್ಳಿ, ಅದರ ಮೇಲೆ ಪ್ರತಿ 60 ಸೆಂ.ಮೀ.ಗೆ ಒಂದು ಗುರುತು ಹಾಕಿ. ಹೊಲದಲ್ಲಿ ಹಗ್ಗ ಎಳೆದು ಕಟ್ಟಿ, ಗುರುತು ಇರುವಲ್ಲಿ 15 ಸೆಂ.ಮೀ. ಉದ್ದ, ಅಷ್ಟೇ ಅಗಲ, ಅಷ್ಟೇ ಆಳದ ಗುಳಿ ತೋಡಿ. ಸಾಲಿನಿಂದ ಸಾಲಿಗೆ 75 ಸೆಂ.ಮೀ. ಬೇಸಿಗೆಯಲ್ಲೇ ಗುಳಿ ರೆಡಿ ಇರಬೇಕು. ಗುಳಿಗೆ ಕೊಟ್ಟಿಗೆ ಗೊಬ್ಬರವನ್ನೋ ಅಳತೆಯಲ್ಲಿ ರಸಗೊಬ್ಬರವನ್ನೋ ಹಾಕಿ, ಮಳೆ ಬಿದ್ದ ತಕ್ಷಣ ಮೂರು ಮುಸುಕಿನ ಜೋಳದ ಬೀಜ ಬಿತ್ತಿ, ಮೊಳೆತ ಮೇಲೆ ಎರಡು ಗಿಡ ಉಳಿಸಿಕೊಳ್ಳಬೇಕು. ಉಳಿದ ನೆಲಕ್ಕೆಲ್ಲಾ ಒಣ ಹುಲ್ಲು, ದಂಟಿನ ಹೊದಿಕೆ. ಅಷ್ಟೇ. ಮುಂದಿನ ವರ್ಷವೂ ಅದೇ ಗುಳಿ.

ನಮ್ಮ ಟೀಮ್‌ನ ಹಾವೇರಿ ಕಡೆಯ ಹುಡುಗ ಊರಿಗೆ ಹೋದಾಗ ಅಜ್ಜಿಗೆ ಈ ಚಿತ್ರ ತೋರಿಸಿದ. "ಇದು ನಮ್ಮ ಗುಳಿ ರಾಗಿ ಇದ್ದಂಗ ಐತಲ್ಲೋ" ಅಂದ್ರಂತೆ. ಸಾಲು ಹಿಡಿದು ಗುಳಿ, ಗುಳಿಗೆ ಗೊಬ್ಬರ, ಗುಳಿಗೆ ಎರಡು ಸಸಿ. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಕಲಿತದ್ದಲ್ಲ. ಮಳೆ ಕಡಿಮೆ ಇರೋ ಕಡೆ ಕೈಯಲ್ಲಿರೋ ಗೊಬ್ಬರ ವ್ಯರ್ಥವಾಗಬಾರದು ಅಂದ್ರೆ ಮನುಷ್ಯ ಇದೇ ದಾರಿಗೆ ಬರ್ತಾನೆ ಅನ್ಸುತ್ತೆ.

2020ರಲ್ಲಿ ಜಿಂಬಾಬ್ವೆ ಸರ್ಕಾರವೇ ಈ ವಿಧಾನವನ್ನ ರಾಷ್ಟ್ರೀಯ ಕಾರ್ಯಕ್ರಮ ಮಾಡಿತು. ಶೋನಾ ಭಾಷೆಯಲ್ಲಿ 'ಫುಂವುದ್ಜಾ', ಅಂದ್ರೆ ಹೊಸ ಎಲೆ ಚಿಗುರುವ ಕಾಲ. ಅದರ ಅಳತೆ ನಮಗೆ ಬಹಳ ಇಷ್ಟ ಆಯ್ತು, ಯಾಕಂದ್ರೆ ಅದು ಶುದ್ಧ ಎಂಜಿನಿಯರಿಂಗ್ ಡಿಸೈನ್. ಪ್ಲಾಟ್ ಗಾತ್ರ 39 ಮೀಟರ್ × 16 ಮೀಟರ್. ಯಾಕೆ 39? 39 ಅನ್ನು 0.75ರಿಂದ ಭಾಗಿಸಿ: 52 ಸಾಲು. ವರ್ಷಕ್ಕೆ 52 ವಾರ. ಒಂದು ಸಾಲು ಒಂದು ಕುಟುಂಬದ ಒಂದು ವಾರದ ಊಟ ಅನ್ನೋದು ಕಲ್ಪನೆ. ಓದು ಬಾರದವರೂ ತಮ್ಮ ಹೊಲವನ್ನ ಕ್ಯಾಲೆಂಡರ್ ತರಹ ಓದಬಹುದು!

ಇನ್ನು ಲೆಕ್ಕ ಮುಂದುವರಿಸೋಣ, ಪೆನ್ ತಗೊಳ್ಳಿ.

ಒಂದು ಸಾಲು 16 ಮೀಟರ್, ಅಂತರ 0.6 ಮೀಟರ್. ಸುಮಾರು 27 ಅಂತರ, ಅಂದರೆ 28 ಗುಳಿ (ಸಿ ಪ್ರೋಗ್ರಾಮಿಂಗ್‌ನಲ್ಲಿ ಒಂದು ಹೆಚ್ಚು-ಕಮ್ಮಿ ಮಾಡಿ ಮಾರ್ಕ್ಸ್ ಕಳ್ಕೊಂಡವರಿಗೆ ಇದು ಅರ್ಥ ಆಗುತ್ತೆ). 52 × 28 = 1456 ಗುಳಿ. ಗುಳಿಗೆ ಎರಡರಂತೆ 2912 ಗಿಡ. ಒಂದು ಗಿಡಕ್ಕೆ ಒಂದು ತೆನೆ, ಒಂದು ತೆನೆಗೆ 150 ಗ್ರಾಂ ಕಾಳು ಅಂತ ಇಟ್ಟುಕೊಂಡ್ರೆ ಒಂದು ಸಾಲಿಗೆ 56 × 0.15 = 8.4 ಕೆಜಿ. ದಿನಕ್ಕೆ 1.2 ಕೆಜಿ. ಐದು ಜನರ ಮನೆಯಲ್ಲಿ ತಲೆಗೆ 240 ಗ್ರಾಂ. ಅವರು ತಿನ್ನುವ 'ಸಾಡ್ಜಾ' ಮುಸುಕಿನ ಜೋಳದ ಹಿಟ್ಟಿನದು, ನಮ್ಮ ಮುದ್ದೆಯ ನೆಂಟ. 240 ಗ್ರಾಂ ಹಿಟ್ಟಿನಿಂದ ಸುಮಾರು 860 ಕ್ಯಾಲೊರಿ. ಹೊಟ್ಟೆ ಅರ್ಧ ತುಂಬುತ್ತೆ.

ಅದೇ ತೆನೆ 250 ಗ್ರಾಂ ಕೊಟ್ಟರೆ ತಲೆಗೆ 400 ಗ್ರಾಂ. ಆಗ ಮಾತ್ರ 'ಒಂದು ಸಾಲು, ಒಂದು ವಾರ' ನಿಜಕ್ಕೆ ಹತ್ತಿರ. ಆದರೆ ಗಮನಿಸಿ, ಪ್ಲಾಟ್ ಬರೀ 624 ಚದರ ಮೀಟರ್. 150 ಗ್ರಾಂ ತೆನೆಯ ಲೆಕ್ಕದಲ್ಲೇ ಹೆಕ್ಟೇರ್‌ಗೆ 7 ಟನ್ ಇಳುವರಿ ಆಗುತ್ತೆ. ಅಲ್ಲಿನ ಸಣ್ಣ ರೈತರು ಸಾಮಾನ್ಯವಾಗಿ ಕಾಣೋದು 1 ಟನ್ ಆಸುಪಾಸು. ಹಾಗಾಗಿ 52 ಸಾಲು ಅನ್ನೋದು ಗ್ಯಾರಂಟಿ ಅಲ್ಲ, ಗುರಿ. ಚೆನ್ನಾಗಿ ಮಾಡಿದ ಗುರಿ, ಆದರೂ ಗುರಿ.

ಇನ್ನೊಂದು ಲೆಕ್ಕ. ಒಂದು ಗುಳಿಯ ಬಾಯಿ 0.15 × 0.15 ಚದರ ಮೀಟರ್, ಅದರ ಪಾಲಿನ ನೆಲ 0.75 × 0.6. ಭಾಗಿಸಿದರೆ ಸರಿಯಾಗಿ ಶೇ. 5. ಅಂದರೆ ನೆಲದ ಶೇ. 95 ಭಾಗ ಅಲುಗಾಡೋದೇ ಇಲ್ಲ. ಮಣ್ಣು ಕೊಚ್ಚಿ ಹೋಗೋದು ಯಾಕೆ ಕಮ್ಮಿ ಆಗುತ್ತೆ, ನೀರು ಯಾಕೆ ಗುಳಿಯಲ್ಲೇ ಇಂಗುತ್ತೆ ಅನ್ನೋದು ಇದರಲ್ಲೇ ಇದೆ. ಆದರೆ ಆ ಶೇ. 5 ತೋಡೋರು ಯಾರು? 1456 ಗುಳಿ ಅಂದ್ರೆ ಸುಮಾರು 5 ಘನ ಮೀಟರ್ ಮಣ್ಣು, ತೂಕದಲ್ಲಿ 6-7 ಟನ್. ಅದೂ ಬೇಸಿಗೆಯ ಗಟ್ಟಿ ನೆಲದಲ್ಲಿ, ಗುದ್ದಲಿಯಲ್ಲಿ. ಬಹಳಷ್ಟು ಮನೆಗಳಲ್ಲಿ ಆ ಗುದ್ದಲಿ ಹೆಂಗಸರ ಕೈಯಲ್ಲಿರುತ್ತೆ. ಜಿಂಬಾಬ್ವೆ ಜನ ಇದಕ್ಕೊಂದು ಅಡ್ಡಹೆಸರು ಇಟ್ಟಿದ್ದಾರೆ: 'ಧಿಗಾ ಉಫೆ', ಅಂದ್ರೆ ತೋಡಿ ಸಾಯಿ. ಡಿಸೈನ್ ಮಾಡಿದವರು ಕೇಳಿಸಿಕೊಳ್ಳಬೇಕಾದ ಫೀಡ್‌ಬ್ಯಾಕ್ ಇದು.

2. ಚಾಕು: ನೈಜರ್

ಈಗ ಸಹಾರಾ ಮರುಭೂಮಿಯ ಅಂಚಿಗೆ ಬನ್ನಿ. ನೈಜರ್ ದೇಶದ ಮರಾಡಿ ಪ್ರದೇಶ. ಆಸ್ಟ್ರೇಲಿಯಾದ ಕೃಷಿ ಪದವೀಧರ ಟೋನಿ ರಿನೌಡೊ 1980ರ ದಶಕದ ಆರಂಭದಲ್ಲಿ ಒಂದು ಕ್ರೈಸ್ತ ಮಿಷನ್‌ನ ಅಭಿವೃದ್ಧಿ ಯೋಜನೆ ನೋಡಿಕೊಳ್ಳೋಕೆ ಅಲ್ಲಿಗೆ ಹೋದರು. ಕೆಲಸ: ಮರ ನೆಡೋದು. ನರ್ಸರಿಯಿಂದ ಸಸಿ ತಂದು ನೆಟ್ಟರೆ ಬಹುಪಾಲು ಸಾಯ್ತಿದ್ವು. ಬಿಸಿಲು, ಮರಳು ಗಾಳಿ, ಮೇಕೆ. ಜನಕ್ಕೂ ಆಸಕ್ತಿ ಇರಲಿಲ್ಲ.

1983ರಲ್ಲಿ ಒಂದು ದಿನ ಮರಳು ದಾರಿಯಲ್ಲಿ ಟೈರ್ ಗಾಳಿ ಇಳಿಸೋಕೆ ಅಂತ ಅವರು ಗಾಡಿ ನಿಲ್ಲಿಸಿದರು. ಪಕ್ಕದಲ್ಲೊಂದು ಕುರುಚಲು ಪೊದೆ. ಹತ್ತಿರ ಹೋಗಿ ನೋಡಿದರೆ ಅದು ಪೊದೆ ಅಲ್ಲ, ಕಡಿದ ಮರದ ಬೊಡ್ಡೆಯಿಂದ ಬಂದ ಚಿಗುರು! ಬೇರು ಕೆಳಗೆ ಜೀವಂತವಾಗಿದೆ. ಪ್ರತಿ ವರ್ಷ ರೈತರು ಬಿತ್ತನೆಗೆ ಮುಂಚೆ ಆ ಚಿಗುರನ್ನ ಕಡಿದು ಹಾಕ್ತಾರೆ, ಅದು ಮತ್ತೆ ಬರುತ್ತೆ. ಅಂದರೆ ನೆಲದೊಳಗೆ ಇಡೀ ಕಾಡೇ ಇದೆ, ನೆಡುವ ಅಗತ್ಯವೇ ಇಲ್ಲ.

ವಿಧಾನ ಇನ್ನೂ ಸರಳ. ಬೊಡ್ಡೆಯಲ್ಲಿ ಬಂದ ಹತ್ತಾರು ಚಿಗುರಲ್ಲಿ ಗಟ್ಟಿಯಾದ ಕೆಲವನ್ನ ಆರಿಸಿ, ಉಳಿದದ್ದನ್ನ ಚಾಕುವಿನಿಂದ ಕತ್ತರಿಸಿ, ಅಡ್ಡ ರೆಂಬೆಗಳನ್ನ ಸವರಿ. ದನ, ಬೆಂಕಿಯಿಂದ ಕಾಪಾಡಿ. ಬೇರು ಮೊದಲೇ ಆಳದಲ್ಲಿ ಇರೋದ್ರಿಂದ ಗಿಡ ಬೇಗ ಏಳುತ್ತೆ. ಕತ್ತರಿಸಿದ್ದು ಸೌದೆ, ಎಲೆ ದನಕ್ಕೆ ಮೇವು, ನೆರಳು ಬೆಳೆಗೆ.

ಆದರೂ ಜನ ತಕ್ಷಣ ಒಪ್ಪಲಿಲ್ಲ. 1984ರ ಬರಗಾಲದಲ್ಲಿ ಮರ ಉಳಿಸಿದವರಿಗೆ ಆಹಾರ ಅಂತ ಯೋಜನೆ ಮಾಡಿದರು. ಆಹಾರ ಹಂಚಿಕೆ ನಿಂತ ಮೇಲೆ ಬಹಳಷ್ಟು ಜನ ಮರಗಳನ್ನ ಮತ್ತೆ ಕಡಿದರು! ಕೆಲವರು ಮಾತ್ರ ಉಳಿಸಿದರು. ಆಮೇಲೆ ಹರಡಿದ್ದು ಆ ಕೆಲವರ ಹೊಲ ನೋಡಿ. ಇನ್ನೊಂದು ಅಡ್ಡಿ ಕಾನೂನು. ಮರ ಸರ್ಕಾರದ್ದು ಅನ್ನೋ ಹಳೇ ನಿಯಮ ಇತ್ತು, ಹಾಗಿದ್ದಾಗ ರೈತ ಯಾಕೆ ಬೆಳೆಸ್ತಾನೆ? ಅಧಿಕಾರಿಗಳು ಆ ನಿಯಮದ ಬಿಗಿ ಸಡಿಲಿಸಿದ ಮೇಲೆ, 'ಇದು ನನ್ನ ಮರ' ಅನ್ನೋ ನಂಬಿಕೆ ಬಂದ ಮೇಲೆ, ಹಳ್ಳಿಯಿಂದ ಹಳ್ಳಿಗೆ ತಾನಾಗೇ ಹೋಯ್ತು.

ಎರಡು ದಶಕಗಳ ನಂತರ ಉಪಗ್ರಹ ಚಿತ್ರಗಳನ್ನ ಹೋಲಿಸಿ ನೋಡಿದ ಸಂಶೋಧಕರು ನೈಜರ್‌ನಲ್ಲಿ ಸುಮಾರು 50 ಲಕ್ಷ ಹೆಕ್ಟೇರ್ ಹೀಗೆ ಮರಳಿ ಹಸಿರಾಗಿದೆ ಅಂತ ಅಂದಾಜಿಸಿದರು. 2018ರಲ್ಲಿ ರಿನೌಡೊ ಅವರಿಗೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. ನೈಜರ್ ಬಹುತೇಕ ಪೂರ್ತಿ ಮುಸ್ಲಿಂ ದೇಶ. ಮಿಷನ್‌ನ ಕೆಲಸ ಹರಡಿದ್ದು ಮುಸ್ಲಿಂ ರೈತರ ಕೈಯಿಂದ. ಚಾಕು ಹಿಡಿಯೋಕೆ ಯಾರೂ ಧರ್ಮ ಬದಲಿಸಬೇಕಾಗಿರಲಿಲ್ಲ.

3. ಮೂರು ಬೀಗದ ಪೆಟ್ಟಿಗೆ

ಮೂರನೇ ಸಾಧನವೂ ಹುಟ್ಟಿದ್ದು ಮರಾಡಿಯಲ್ಲೇ, 1991ರಲ್ಲಿ. ಇದನ್ನ ಶುರು ಮಾಡಿದ್ದು ಚರ್ಚ್ ಅಲ್ಲ, ಕೇರ್ ಅನ್ನೋ ಸಂಸ್ಥೆ. ಆದರೆ ಆಮೇಲೆ ಆಫ್ರಿಕಾದ ಎಷ್ಟೋ ಕಡೆ ಕ್ಯಾಥೊಲಿಕ್, ಆಂಗ್ಲಿಕನ್, ಪೆಂಟೆಕೋಸ್ಟಲ್ ಸಭೆಗಳು ಇದನ್ನ ತಮ್ಮದಾಗಿ ಮಾಡಿಕೊಂಡವು. 15ರಿಂದ 25 ಜನರ ಗುಂಪು, ಬಹುಪಾಲು ಹೆಂಗಸರು. ವಾರಕ್ಕೊಮ್ಮೆ ಸೇರಿ ಕೈಲಾದಷ್ಟು ಉಳಿತಾಯ ಹಾಕ್ತಾರೆ. ದುಡ್ಡು ಒಂದು ಕಬ್ಬಿಣದ ಪೆಟ್ಟಿಗೆಯಲ್ಲಿ. ಪೆಟ್ಟಿಗೆಗೆ ಮೂರು ಬೀಗ, ಮೂರು ಕೀ ಮೂರು ಬೇರೆ ಬೇರೆ ಸದಸ್ಯರ ಹತ್ರ. ಪೆಟ್ಟಿಗೆ ಇನ್ನೊಬ್ಬರ ಮನೆಯಲ್ಲಿ. ಎಲ್ಲರೂ ಇದ್ದಾಗ ಮಾತ್ರ ತೆರೆಯುತ್ತೆ. ಕಂಪ್ಯೂಟರ್ ಸೈನ್ಸ್‌ನವರು ಇದನ್ನ ಮಲ್ಟಿ-ಕೀ ಸೆಕ್ಯೂರಿಟಿ ಅಂತಾರೆ, ಅವರು ಬರೀ ಬೀಗ ಅಂತಾರೆ.

ಅದೇ ದುಡ್ಡಿಂದ ಸಾಲ, ಅದಕ್ಕೆ ಬಡ್ಡಿ. ವರ್ಷದ ಕೊನೆಗೆ ಎಲ್ಲವನ್ನೂ ಉಳಿಸಿದ ಪ್ರಮಾಣಕ್ಕೆ ತಕ್ಕಂತೆ ಹಂಚಿಕೊಂಡು ಪೆಟ್ಟಿಗೆ ಖಾಲಿ ಮಾಡಿ, ಮತ್ತೆ ಸೊನ್ನೆಯಿಂದ ಶುರು. ನಮ್ಮ ಅಮ್ಮಂದಿರ ಸ್ತ್ರೀಶಕ್ತಿ ಸಂಘ ನೋಡಿದವರಿಗೆ ಇದರಲ್ಲಿ ಹೊಸದೇನಿಲ್ಲ ಅನ್ನಿಸಬಹುದು. ದೊಡ್ಡ ವ್ಯತ್ಯಾಸ ಒಂದೇ: ಹೊರಗಿನಿಂದ ಬ್ಯಾಂಕ್ ಸಾಲ ಇಲ್ಲ. ಪೆಟ್ಟಿಗೆಯಲ್ಲಿರೋದೆಲ್ಲಾ ಅವರದ್ದೇ ದುಡ್ಡು, ಹಾಗಾಗಿ ವಸೂಲಿಗೆ ಹೊರಗಿನವರು ಬಾಗಿಲಿಗೆ ಬರೋದಿಲ್ಲ.

ಫಲ ಎಷ್ಟು? ಘಾನಾ, ಮಲಾವಿ, ಉಗಾಂಡದಲ್ಲಿ ಇಂಥ ಗುಂಪುಗಳ ಮೇಲೆ ನಡೆದ ಒಂದು ದೊಡ್ಡ ಅಧ್ಯಯನ 2017ರಲ್ಲಿ ಪ್ರಕಟವಾಯ್ತು. ಉಳಿತಾಯ, ಸಾಲದ ಅನುಕೂಲ ಹೆಚ್ಚಿತು, ಸಣ್ಣ ವ್ಯಾಪಾರ ಸುಧಾರಿಸಿತು, ಹೆಂಗಸರ ಮಾತಿಗೆ ಮನೆಯಲ್ಲಿ ತೂಕ ಬಂತು. ಆದರೆ ಮನೆಯ ಸರಾಸರಿ ಖರ್ಚು, ಊಟ ಅಷ್ಟರಲ್ಲಿ ಹೆಚ್ಚಿದ್ದಕ್ಕೆ ಸಾಕ್ಷಿ ಸಿಗಲಿಲ್ಲ. ಪೆಟ್ಟಿಗೆ ಬಡತನ ಓಡಿಸೋದಿಲ್ಲ, ಬಡತನದ ಏಟು ತಡೆಯೋಕೆ ಒಂದು ಗುರಾಣಿ ಕೊಡುತ್ತೆ.

ಯಾಕೆ ಚರ್ಚ್?

ಹಗ್ಗ, ಚಾಕು, ಪೆಟ್ಟಿಗೆ ಯಾರು ಬೇಕಾದರೂ ಕೊಡಬಹುದು. ಚರ್ಚ್‌ಗೇ ಯಾಕೆ ಸಾಧ್ಯ ಆಯ್ತು ಅಂತ ನಾವು ತಲೆ ಕೆಡಿಸಿಕೊಂಡ್ವಿ. ಮೂರು ಕಾರಣ ಸಿಕ್ಕಿದವು.

ಒಂದು, ಅದು ಅಲ್ಲೇ ಇರುತ್ತೆ. ಪ್ರಾಜೆಕ್ಟ್ ಮೂರು ವರ್ಷಕ್ಕೆ ಮುಗಿಯುತ್ತೆ, ಫಂಡ್ ಮುಗಿದರೆ ಜೀಪ್ ಹೋಗುತ್ತೆ. ಚರ್ಚ್ ಮುಂದಿನ ಭಾನುವಾರವೂ ಇರುತ್ತೆ.

ಎರಡು, ವಾರಕ್ಕೊಮ್ಮೆ ಜನ ಹೇಗೂ ಸೇರ್ತಾರೆ. ನಾವು ಮೀಟಿಂಗ್‌ಗೆ ಹತ್ತು ಜನರನ್ನ ಸೇರಿಸೋಕೆ ಎಷ್ಟು ಒದ್ದಾಡ್ತೀವಿ ಅಂತ ಕ್ಲಬ್‌ನವರಿಗೆ ಗೊತ್ತು.

ಮೂರು, ಕೇಳುವ ಪ್ರಶ್ನೆ. ಪೂರ್ವ ಆಫ್ರಿಕಾದಲ್ಲಿ ಬೆಳೆದ 'ಉಮೋಜಾ' ಅನ್ನೋ ಒಂದು ಪದ್ಧತಿ ಇದೆ, ಸ್ವಾಹಿಲಿಯಲ್ಲಿ ಒಗ್ಗಟ್ಟು ಅಂತ ಅರ್ಥ. ಬ್ರಿಟನ್ನಿನ ಟಿಯರ್‌ಫಂಡ್ ಸಂಸ್ಥೆ ಅದನ್ನ ಸ್ಥಳೀಯ ಚರ್ಚ್‌ಗಳ ಜೊತೆ ನಡೆಸುತ್ತೆ. ಅಲ್ಲಿ ತರಬೇತಿ ಪಡೆದವರು ಊರಿಗೆ ಹೋಗಿ "ನಿಮಗೇನು ಬೇಕು?" ಅಂತ ಕೇಳೋದಿಲ್ಲ. "ನಿಮ್ಮ ಹತ್ರ ಏನಿದೆ?" ಅಂತ ಕೇಳ್ತಾರೆ. ಐದು ರೊಟ್ಟಿ, ಎರಡು ಮೀನಿನಿಂದ ಸಾವಿರಾರು ಜನಕ್ಕೆ ಊಟವಾದ ಬೈಬಲ್ ಕಥೆಯನ್ನ ಇದಕ್ಕೆ ಬಳಸ್ತಾರೆ. ಪವಾಡ ನಂಬೋದು ಬಿಡೋದು ಅವರವರಿಗೆ ಬಿಟ್ಟಿದ್ದು, ಆದರೆ ಕಥೆ ಶುರುವಾಗೋದು ಇರುವುದನ್ನ ಎಣಿಸೋದರಿಂದ. ಜನ ನೆಲದ ಮೇಲೆ ತಮ್ಮ ಊರಿನ ನಕ್ಷೆ ಬರೀತಾರೆ: ಬಾವಿ, ಮರ, ಗಾರೆ ಕೆಲಸ ಬಲ್ಲವನು, ಖಾಲಿ ಜಾಗ. ಆಮೇಲೆ ಪ್ಲಾನ್.

ಆದರೆ...

ಇಷ್ಟು ಹೇಳಿ ನಿಲ್ಲಿಸಿದರೆ ಜಾಹೀರಾತು ಆಗುತ್ತೆ. ಚರ್ಚ್ ಮೂಲಕ ಹೋದದ್ದು ಚರ್ಚ್‌ಗೆ ಬರದವರಿಗೆ ತಲುಪುತ್ತಾ ಅನ್ನೋದು ಪ್ರತಿ ಊರಲ್ಲೂ ಕೇಳಬೇಕಾದ ಪ್ರಶ್ನೆ. ಪಾದ್ರಿಯ ಮಾತಿಗೆ ಎದುರು ಹೇಳೋದು ಕಷ್ಟ ಇರುವ ಕಡೆ, ವಿಧಾನ ತಪ್ಪಾದರೂ ಜನ ಸುಮ್ಮನಿರಬಹುದು. ಬೆಳೆ ಕೆಟ್ಟರೆ 'ನೀನು ನಿಷ್ಠೆಯಿಂದ ಮಾಡಲಿಲ್ಲ' ಅಂತ ರೈತನ ಮೇಲೇ ಹಾಕುವ ಅಪಾಯವೂ ಇದೆ.

ವಿಜ್ಞಾನದ ಕಡೆಯಿಂದಲೂ ತಕರಾರಿದೆ. 2009ರಲ್ಲಿ ಕೆನ್ ಗಿಲ್ಲರ್ ಮತ್ತು ಸಂಗಡಿಗರು ಬರೆದ ಲೇಖನ, ಉಳುಮೆ ಇಲ್ಲದ ಕೃಷಿ ಆಫ್ರಿಕಾದ ಎಲ್ಲಾ ಸಣ್ಣ ರೈತರಿಗೂ ಹೊಂದುತ್ತೆ ಅನ್ನೋದನ್ನ ಪ್ರಶ್ನಿಸಿತು. ಉಳದಿದ್ದರೆ ಕಳೆ ಹೆಚ್ಚು, ಕಳೆ ಕೀಳೋ ಕೆಲಸ ಮತ್ತೆ ಹೆಂಗಸರಿಗೆ. ದಂಟನ್ನ ಹೊಲಕ್ಕೆ ಹೊದಿಸಿದರೆ ದನ ಏನು ತಿನ್ನಬೇಕು?

ಇನ್ನು ಹಗ್ಗ-ಗುದ್ದಲಿಗೆ ನಿಲುಕದ ಸಂಗತಿಗಳು. 2021ರಲ್ಲಿ ಜಿಂಬಾಬ್ವೆಯ ಮುಸುಕಿನ ಜೋಳ ಸರ್ಕಾರದ ಅಂದಾಜಿನಂತೆ 27 ಲಕ್ಷ ಟನ್ ದಾಟಿತು. ಫುಂವುದ್ಜಾಗೆ ಹೊಗಳಿಕೆ ಬಂತು, ಆದರೆ ಆ ವರ್ಷ ಮಳೆಯೂ ಚೆನ್ನಾಗಿತ್ತು. 2024ರಲ್ಲಿ ಎಲ್ ನಿನೊ ಬರ ಬಂದಾಗ ಗುಳಿ ಇದ್ದವರ ಬೆಳೆಯೂ ಬಹಳ ಕಡೆ ಒಣಗಿತು, ಸರ್ಕಾರ ರಾಷ್ಟ್ರೀಯ ವಿಪತ್ತು ಘೋಷಿಸಿತು. ಹಣದುಬ್ಬರದಲ್ಲಿ 2009ರ ಹೊತ್ತಿಗೆ ಅದೇ ದೇಶ 100 ಟ್ರಿಲಿಯನ್ ಡಾಲರ್ ನೋಟು ಅಚ್ಚು ಹಾಕಿತ್ತು. ಅಂಥ ಕಾಲದಲ್ಲಿ ಮೂರಲ್ಲ, ಮೂವತ್ತು ಬೀಗ ಹಾಕಿದರೂ ಪೆಟ್ಟಿಗೆಯೊಳಗಿನ ನೋಟಿನ ಬೆಲೆ ಉಳಿಯೋದಿಲ್ಲ.

ನಮಗೇನು?

ಮೂರೂ ಸಾಧನಗಳನ್ನ ಪಕ್ಕಪಕ್ಕ ಇಟ್ಟು ನೋಡಿದಾಗ ನಮಗೆ ಕಂಡದ್ದು ಇಷ್ಟು. ಕೆಟ್ಟರೆ ಊರಲ್ಲೇ ರಿಪೇರಿ ಆಗುತ್ತೆ. ಕಲಿತವರು ಪಕ್ಕದವರಿಗೆ ಕಲಿಸಬಹುದು. ಫಲ ಯಾರದ್ದು ಅನ್ನೋದರಲ್ಲಿ ಗೊಂದಲ ಇಲ್ಲ. ಕಲಿಸಿದವರು ಮುಂದಿನ ವಾರವೂ ಸಿಗ್ತಾರೆ. ನಮ್ಮ ಸೆನ್ಸರ್‌ಗೆ ಈ ನಾಲ್ಕರಲ್ಲಿ ಒಂದೂ ಇರಲಿಲ್ಲ. ತಪ್ಪು ಸರ್ಕ್ಯೂಟ್‌ದು ಅಂತ ಅಂದುಕೊಂಡಿದ್ವಿ. ಸರ್ಕ್ಯೂಟ್ ಸರಿ ಇದ್ದಿದ್ರೂ ಸೋಲ್ತಿದ್ವಿ.

ಸೆಮಿನಾರ್ ಮುಗಿದ ವಾರ ಮತ್ತೆ ಗೌಡ್ರ ಹತ್ರ ಹೋದ್ವಿ, ಈ ಸಲ ಕೈಯಲ್ಲಿ ಏನೂ ತಗೊಂಡು ಹೋಗಲಿಲ್ಲ. ನೀರು ಕೊಡೋದನ್ನ ಹೇಗೆ ನಿರ್ಧಾರ ಮಾಡ್ತೀರಿ ಅಂತ ಕೇಳಿದ್ವಿ. ಅವರು ಬಗ್ಗಿ ಒಂದು ಹಿಡಿ ಮಣ್ಣು ತಗೊಂಡು ಉಂಡೆ ಕಟ್ಟಿದರು, ಬೆರಳಲ್ಲಿ ಒತ್ತಿ ಒಡೆದರು. "ಇನ್ನೆರಡು ದಿನ ತಡೆಯುತ್ತೆ" ಅಂದ್ರು. ಆಮೇಲೆ ನಕ್ಕು, "ನೀರಿನ ಲೆಕ್ಕ ನಂಗೊತ್ತು ಕಣ್ರಪ್ಪಾ. ರಾತ್ರಿ ತ್ರೀ-ಫೇಸ್ ಕರೆಂಟ್ ಯಾವಾಗ ಬರುತ್ತೆ ಅಂತ ಗೊತ್ತಾಗಲ್ಲ, ಅದಕ್ಕೇ ನಿದ್ದೆ ಕೆಡೋದು" ಅಂದ್ರು.

ಹೋದ ವರ್ಷ ನಾವು ಇದನ್ನ ಕೇಳಿರಲೇ ಇಲ್ಲ. ಈಗ ಹೊಸ ಪ್ರಾಜೆಕ್ಟ್‌ನ ಮೊದಲ ಪುಟದಲ್ಲಿ ಆ ಮಾತನ್ನೇ ಬರೆದಿದ್ದೀವಿ. ಎರಡನೇ ಪುಟದಲ್ಲಿ ನಾವು ನಾಲ್ವರೂ ಪಾಸಾಗಿ ಹೋದ ಮೇಲೆ ಅದನ್ನ ಯಾರು ರಿಪೇರಿ ಮಾಡ್ತಾರೆ ಅನ್ನೋದನ್ನ ಬರೀಬೇಕು. ಆ ಪುಟ ಇನ್ನೂ ಖಾಲಿ ಇದೆ. ಹಳ್ಳಿಯ ಕಡೆಯಿಂದ ಬಂದವರು, ಐಟಿಐ ಮಾಡಿದ ಗೆಳೆಯರು ಊರಲ್ಲಿರುವವರು ಯಾರಾದರೂ ಇದ್ದರೆ, ಶನಿವಾರ ಸಂಜೆ ಕ್ಲಬ್ ರೂಮ್‌ಗೆ ಬನ್ನಿ. ಆ ಪುಟ ಒಟ್ಟಿಗೆ ತುಂಬೋಣ.